ನಾಲ್ಕು ಮನೆಯ ಪುಡಿ, ಒಂದು ಕ್ಯಾನು

ಜನವರಿ 12, ಭಾನುವಾರ

ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕ್ಯಾಲನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಪನಿ ಸ್ಥಾಪನೆಯಾಯಿತು. ಸ್ಥಾಪನಾ ಸಭೆಗೆ ಹಾಜರಿದ್ದವನು ನಾನೊಬ್ಬನೇ. ಮನೆಯವಳು ಕೊಟ್ಟಿಗೆಯಲ್ಲಿದ್ದಳು, ಮಗಳು ಚಂದನ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಕೋರಂ ಸಾಲದೆಂದು ಯಾರೂ ಆಕ್ಷೇಪಿಸದ ಕಾರಣ, ವೆಂಕಟರಾಯಪ್ಪನಾದ ನನ್ನನ್ನು ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ಅವಿರೋಧವಾಗಿ ಆರಿಸಲಾಯಿತು.

ಹಿನ್ನೆಲೆಯನ್ನೂ ದಾಖಲಿಸಿಬಿಡುತ್ತೇನೆ. ಚಂದನ ನರಸಾಪುರದ ಫ್ಯಾಕ್ಟರಿಗೆ ಹೋಗುವಾಗ ಡಬ್ಬಿಯಲ್ಲಿ ಅವರಮ್ಮ ಮಾಡಿದ ಹುಚ್ಚೆಳ್ಳು ಚಟ್ನಿಪುಡಿ ಒಯ್ಯುತ್ತಾಳೆ. ಅಲ್ಲಿ ಹಾಸ್ಟೆಲಿನಲ್ಲಿರುವ ಹುಡುಗಿಯರಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಬಹಳ. ಅವರೂರಲ್ಲಿ ಇದಕ್ಕೆ ಗುರೆಳ್ಳು ಚಟ್ನಿ ಅನ್ನುತ್ತಾರಂತೆ. ಮೆಸ್ಸಿನ ಅನ್ನ ಗಂಟಲಲ್ಲಿ ಇಳಿಯದೆ ಎಲ್ಲರೂ ಇವಳ ಡಬ್ಬಿಗೆ ಕೈ ಹಾಕುತ್ತಾರೆ. "ಅಪ್ಪಾ, ನನಗೇ ಒಂದು ಚಮಚ ಉಳಿಯಲ್ಲ. ಕಾಸು ಕೊಡ್ತೀವಿ, ತಂದುಕೊಡು ಅಂತಾರೆ" ಎಂದಳು ನಿನ್ನೆ. ಇಪ್ಪತ್ತೆಂಟು ವರ್ಷ ಹಾಲಿನ ಡೇರಿಯ ಸೆಕ್ರೆಟರಿಯಾಗಿದ್ದವನಿಗೆ ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಿಲ್ಲ.

ನಿವೃತ್ತಿಯಾಗಿ ಆರು ವಾರವಾಯಿತು. ಈಗಲೂ ಐದಕ್ಕೆ ಎಚ್ಚರವಾಗುತ್ತದೆ. ಐದೂವರೆಗೆ ಡೇರಿಯ ಮುಂದೆ ಹೋಗಿ ನಿಂತರೆ ಹೊಸ ಸೆಕ್ರೆಟರಿ ನಂದಕುಮಾರ "ಬನ್ನಿ ಸಾರ್, ಕೂತ್ಕೊಳ್ಳಿ" ಅನ್ನುತ್ತಾನೆ. ಕೂತುಕೊಂಡು ಏನು ಮಾಡುವುದು? ಇದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಕಂಪನಿಯ ವಿಷಯ ಮನೆಯವಳಿಗೆ ತಿಳಿಸಿದೆ.

"ಪುಡಿ ಮಾಡೋರ್ಯಾರು?" ಅಂದಳು.

"ನೀನು."

"ಮತ್ತೆ ನೀವೇನ್ ಮಾಡ್ತೀರಾ?"

"ಮ್ಯಾನೇಜ್‌ಮೆಂಟು."

ಅವಳು ಹಸುವಿಗೆ ಹುಲ್ಲು ಹಾಕಲು ಹೋದಳು.

ಜನವರಿ 17, ಶುಕ್ರವಾರ

ವಿಧಾನವನ್ನು ಬರಹಕ್ಕಿಳಿಸುವುದು ಯಾವುದೇ ಕಂಪನಿಯ ಮೊದಲ ಕರ್ತವ್ಯ. ಪೆನ್ನು, ಹಾಳೆ ಹಿಡಿದು ಅಡುಗೆಮನೆಯಲ್ಲಿ ಕುಳಿತೆ.

"ಹುಚ್ಚೆಳ್ಳು ಎಷ್ಟು?"

"ಒಂದು ಸೇರು."

"ಮೆಣಸಿನಕಾಯಿ?"

"ಬಣ್ಣ ನೋಡ್ಕೊಂಡು."

"ಉಪ್ಪು?"

"ಕೈಗೆ ಬಂದಷ್ಟು."

"ಹುರಿಯೋದು ಎಷ್ಟೊತ್ತು? ನಿಮಿಷದ ಲೆಕ್ಕದಲ್ಲಿ ಹೇಳು."

"ಸಿಡಿಯೋ ಸದ್ದು ನಿಲ್ಲೋಕೆ ಮುಂಚೆ ಇಳಿಸ್ಬೇಕು."

"ಎಷ್ಟು ಮುಂಚೆ?"

"ಕಿವಿ ಇಲ್ವೇನ್ರೀ ನಿಮಗೆ?"

ಹಾಗೇ ಬರೆದುಕೊಂಡೆ. ಉಪ್ಪು: ಕೈಗೆ ಬಂದಷ್ಟು. ಯಾರ ಕೈಗೆ ಎಂದು ನಮೂದಿಸುವುದು ಅನಗತ್ಯವೆನಿಸಿತು.

ಮಧ್ಯಾಹ್ನ ಕೋಲಾರಕ್ಕೆ ಹೋಗಿ ಆಹಾರ ಮಾರಾಟದ ನೋಂದಣಿಗೆ ಅರ್ಜಿ ಹಾಕಿಸಿದೆ. ಪ್ಯಾಕೆಟ್ಟಿನ ಮೇಲೆ ಅಂಟಿಸುವ ಚೀಟಿಯೂ ಅಚ್ಚಾಯಿತು. "ಶ್ರೀ ವೆಂಕಟರಾಯಪ್ಪ ಹೋಮ್ ಫುಡ್ಸ್." ಮಧ್ಯದಲ್ಲಿ ನನ್ನ ಬೀಳ್ಕೊಡುಗೆ ಸಮಾರಂಭದ ಫೋಟೊ, ಮೈಸೂರು ಪೇಟ ಮತ್ತು ಸುಗಂಧರಾಜದ ಹಾರ ಸಮೇತ. ಅಚ್ಚಿನವನು "ಪುಡಿ ಫೋಟೊ ಹಾಕ್ಬೋದಿತ್ತು ಸಾರ್" ಎಂದ. ಪುಡಿಯ ಫೋಟೊ ನೋಡಿದರೆ ಯಾರಿಗೆ ನಂಬಿಕೆ ಬರುತ್ತದೆ? ಕರ್ರಗಿರುತ್ತದೆ.

ಚಂದನ ಚೀಟಿಯನ್ನು ಬಹಳ ಹೊತ್ತು ನೋಡಿದಳು. "ಅಪ್ಪಾ, ಇದು ಚಟ್ನಿಪುಡಿ ಪ್ಯಾಕೆಟ್ಟಾ, ಸನ್ಮಾನ ಪತ್ರನಾ?"

ಮಕ್ಕಳಿಗೆ ವ್ಯಾಪಾರ ತಿಳಿಯುವುದಿಲ್ಲ.

ಜನವರಿ 23, ಗುರುವಾರ

ಐತಿಹಾಸಿಕ ದಿನ. ನರಸಾಪುರದಲ್ಲಿ ಹಾಸ್ಟೆಲುಗಳ ಅಕ್ಕಪಕ್ಕ ಮೂರು ಅಂಗಡಿ ಇಟ್ಟಿರುವ ಉದಯಕುಮಾರ್ ಎಂಬಾತನನ್ನು ಭೇಟಿಯಾದೆ. ಮೂವತ್ತರ ವಯಸ್ಸು, ಎರಡು ಫೋನು. ಮನೆಯಲ್ಲಿ ಮಾಡಿದ ಪುಡಿಯನ್ನು ಬೆರಳಲ್ಲಿ ತೆಗೆದು ನೆಕ್ಕಿದ. ಎರಡೂ ಫೋನನ್ನು ಕೆಳಗಿಟ್ಟ. ಇನ್ನೊಮ್ಮೆ ನೆಕ್ಕಿದ.

"ಅಂಕಲ್, ಇದೇ ಟೇಸ್ಟ್ ಕೊಡಿ, ನೂರು ಪ್ಯಾಕೆಟ್ ತಗೋತೀನಿ. ಇನ್ನೂರು ಗ್ರಾಮಿಂದು. ಮೂವತ್ತೊಂದನೇ ತಾರೀಖು ಅಂಗಡೀಲಿರ್ಬೇಕು. ಹುಡುಗೀರು ತಿಂದ್ರೆ ಪ್ರತಿ ತಿಂಗಳೂ ನಿಮ್ದೇ. ತಿನ್ನಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಶೆಲ್ಫಲ್ಲಿ ಜಾಗ ಇಲ್ಲ."

ಮನೆಗೆ ಬಂದು ಹೇಳಿದೆ. ಮನೆಯವಳು ಕೈ ತೊಳೆದು, ಸೆರಗಲ್ಲಿ ಒರೆಸಿಕೊಂಡು, ಪಡಸಾಲೆಗೆ ಬಂದು ಕುಳಿತಳು. ಕಂಪನಿಯ ಸಭೆಯೊಂದಕ್ಕೆ ಅವಳು ಕುಳಿತದ್ದು ಇದೇ ಮೊದಲು.

"ಇಪ್ಪತ್ತು ಕೆಜಿನಾ? ನನ್ನ ಕೈದು?"

"ಕಂಪನೀದು" ಎಂದು ತಿದ್ದಿದೆ.

"ನೋಡಿ, ನನ್ನ ಕೈ ಪುಡಿ ಊರು ದಾಟಿ ಹೋಗೋದಾದ್ರೆ ನೆಟ್ಟಗೆ ಹೋಗ್ಲಿ. ಆ ಮಕ್ಕಳಲ್ಲಿ ಒಬ್ಬಳು ಬಾಯಿಗಿಟ್ಟು ಮುಖ ಕಿವುಚಿದ್ರೂ ನಾನು ಇನ್ನೊಂದ್ಸಲ ಮಾಡಲ್ಲ. ಮನೆ ಮಟ್ಟಿಗೆ ಸಾಕು." ಬೆರಳಲ್ಲಿ ದಿನ ಎಣಿಸಿ, "ಆದ್ರೆ ನಮ್ಮಣ್ಣನ ಮಗಳು ಮೇಘನಂದು ಸೀಮಂತ ಇದೆಯಲ್ಲ. ಮುಳಬಾಗಿಲಿಗೆ ಹೋದ್ರೆ ಅಣ್ಣ ಮೂವತ್ತರ ತನಕ ಬಿಡಲ್ಲ. ಆ ಹುಡುಗನ ಹತ್ರ ಹತ್ತು ದಿನ ಟೈಮ್ ಕೇಳಿ. ಬಂದ ಮೇಲೆ ಮಾಡ್ಕೊಡ್ತೀನಿ" ಎಂದಳು.

"ಆಗಲಿ" ಎಂದೆ.

ಕೇಳಲಿಲ್ಲ. ಮೊದಲನೇ ಆರ್ಡರಿಗೇ ಗಡುವು ಬೇಡುವ ಎಂ.ಡಿ. ಎಲ್ಲಾದರೂ ಉಂಟೇ?

ಜನವರಿ 25, ಶನಿವಾರ

ಮನೆಯವಳನ್ನು ಮುಳಬಾಗಿಲ ಬಸ್ಸಿಗೆ ಹತ್ತಿಸಿದೆ. "ಟೈಮ್ ಕೇಳಿದ್ರಾ?" ಎಂದಳು ಕಿಟಕಿಯಿಂದ. ಬಸ್ಸು ಹೊರಟಿತು. ಹೊರಡುವ ಬಸ್ಸಿಗೆ ಉತ್ತರ ಹೇಳಿ ಪ್ರಯೋಜನವಿಲ್ಲ.

ಬರುವಾಗ ದಾರಿಯಲ್ಲಿ ಒಂದು ವಿಚಾರ ಹೊಳೆಯಿತು. ಡೇರಿಗೆ ದಿನಕ್ಕೆ ಎಂಟುನೂರು ಲೀಟರು ಬರುತ್ತದೆ. ಅಷ್ಟನ್ನೂ ಒಂದೇ ಹಸು ಕೊಡುತ್ತದೆಯೇ?

ಜನವರಿ 27, ಸೋಮವಾರ

ಇಷ್ಟು ಸುಸೂತ್ರವಾದ ಬೆಳಗನ್ನು ಕಂಡು ಎರಡು ತಿಂಗಳಾಗಿತ್ತು.

ಅಂಜಮ್ಮ, ಭಾರತಮ್ಮ, ವೆಂಕಟಲಕ್ಷ್ಮಿ, ದೊಡ್ಡವೆಂಕಟಮ್ಮ, ಡೇರಿಗೆ ಹಾಲು ಹಾಕುವ ಈ ನಾಲ್ಕು ಮನೆಗಳಿಗೆ ಮೊನ್ನೆಯೇ ಹುಚ್ಚೆಳ್ಳು ಹಂಚಿ, ಬರೆದಿಟ್ಟ ವಿಧಾನದ ಒಂದೊಂದು ನಕಲು ಕೊಟ್ಟಿದ್ದೆ. ಇಂದು ಆರು ಗಂಟೆಗೆ ಸರಿಯಾಗಿ ಜಗುಲಿಯ ಮೇಲೆ ಮೇಜು ಹಾಕಿ, ತಕ್ಕಡಿ ಇಟ್ಟು, ಹೊಸ ರಿಜಿಸ್ಟರ್ ತೆರೆದು ಕುಳಿತೆ. ಮಂಜು ಇನ್ನೂ ಕರಗಿರಲಿಲ್ಲ. ನಾಲ್ವರೂ ಶಾಲು ಹೊದ್ದು, ಸ್ಟೀಲ್ ಡಬ್ಬಿ ಹಿಡಿದು, ಸಾಲಾಗಿ ಬಂದರು. ಕರೆಯಬೇಕಾಗಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ ಅವರಿಗೂ ಇದೆ.

ತೂಕ ಮಾಡಿದೆ. ಹೆಸರಿನ ಮುಂದೆ ಬರೆದೆ. ಪ್ರತಿಯೊಬ್ಬರದರಿಂದ ಒಂದೊಂದು ಚಮಚ ತೆಗೆದು ಸ್ಯಾಂಪಲ್ ಬಾಟಲಿಗೆ ಹಾಕಿ ನಂಬರ್ ಅಂಟಿಸಿದೆ. ಕಲ್ಲಿದೆಯೇ, ತೇವವಿದೆಯೇ ಎಂದು ಬೆರಳಲ್ಲಿ ಉಜ್ಜಿ ನೋಡಿದೆ. ಆಮೇಲೆ ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟಿದ್ದ ಹಳೇ ಹಾಲಿನ ಕ್ಯಾನಿಗೆ ಎಲ್ಲವನ್ನೂ ಸುರಿದು, ಉದ್ದದ ಸೌಟಿನಿಂದ ಕಲಕಿದೆ.

ದೊಡ್ಡವೆಂಕಟಮ್ಮನಿಗೆ ಎಪ್ಪತ್ತೆರಡು ವರ್ಷ, ಬಾಯಿ ಮಾತ್ರ ಇಪ್ಪತ್ತರದು. "ಏಮಯ್ಯಾ ಸೆಕ್ರೆಟ್ರಿ, ದೀನಿಕೀ ಫ್ಯಾಟ್ ಚೂಸ್ತಾವಾ?" ಎಂದಳು. ಹಾಲಿನ ಕೊಬ್ಬು ಅಳೆದ ಹಾಗೆ ಪುಡಿಗೂ ಫ್ಯಾಟ್ ನೋಡುತ್ತೀಯಾ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಅಲ್ಲಣ್ಣ, ರುಚಿ ನೋಡಲ್ವಾ?" ಎಂದಳು ಅಂಜಮ್ಮ.

"ಹಾಲನ್ನ ಯಾವತ್ತಾದ್ರೂ ಕುಡಿದು ನೋಡಿ ತಗೊಂಡಿದ್ದೀನಾ?" ಎಂದೆ.

ಅವಳು ಖಾಲಿ ಡಬ್ಬಿ ಎತ್ತಿಕೊಂಡು ಹೊರಟಳು.

ಜನವರಿ 28, ಮಂಗಳವಾರ

ಎರಡನೆಯ ಸಂಗ್ರಹ. ಒಟ್ಟು ಇಪ್ಪತ್ತೆರಡೂವರೆ ಕೆಜಿ. ನಂದಕುಮಾರ ಡೇರಿಯಿಂದ ಬರುವಾಗ ಒಂದು ನಿಮಿಷ ನಿಂತು ನೋಡಿದ. "ಕೂತ್ಕೋಪ್ಪಾ" ಎಂದೆ.

ಜನವರಿ 30, ಗುರುವಾರ

ಒಂದು ದಿನ ಮುಂಚಿತವಾಗಿಯೇ ನೂರು ಪ್ಯಾಕೆಟ್ಟನ್ನೂ ಆಟೋದಲ್ಲಿ ಒಯ್ದು ನರಸಾಪುರದಲ್ಲಿ ಇಳಿಸಿ ಬಂದೆ. ಶೆಲ್ಫಿನ ಮೇಲೆ ನೂರು ವೆಂಕಟರಾಯಪ್ಪಂದಿರು ಪೇಟ ಧರಿಸಿ ಸಾಲಾಗಿ ನಿಂತದ್ದು ನೋಡಲು ಎರಡು ಕಣ್ಣು ಸಾಲದು.

ಸಂಜೆ ಮನೆಯವಳು ಮುಳಬಾಗಿಲಿನಿಂದ ಬಂದಳು. ನಡೆದದ್ದನ್ನು ವಿವರವಾಗಿ ವರದಿ ಮಾಡಿದೆ. ಶಹಬ್ಬಾಸ್ ಅನ್ನಲಿಲ್ಲ. ಕ್ಯಾನಿನ ತಳದಲ್ಲಿ ಉಳಿದಿದ್ದ ಪುಡಿಯನ್ನು ತೆಗೆದುಕೊಂಡು, ಬಿಸಿ ಅನ್ನಕ್ಕೆ ಕಲೆಸಿ, ಒಂದು ತುತ್ತು ತಿಂದಳು. ನಿಧಾನವಾಗಿ ಅಗಿದಳು.

"ಇದು ಯಾರ ಮನೇದು?"

"ಯಾರದೂ ಅಂತಲ್ಲ. ಎಲ್ಲರದೂ."

"ಅಂಜಮ್ಮನ ಮನೇಲಿ ಬೆಳ್ಳುಳ್ಳಿ ತಿನ್ನಲ್ಲ. ಭಾರತಕ್ಕ ಬೆಲ್ಲ ಹಾಕ್ತಾಳೆ. ಲಕ್ಷ್ಮಿ ಗುಂಟೂರು ಮೆಣಸಿನಕಾಯೀನೇ ಸುರೀತಾಳೆ. ದೊಡ್ಡವೆಂಕಟಮ್ಮತ್ತೆಗೆ ಕಿವಿ ಕೇಳಲ್ಲ, ಹುರಿದಿದ್ದು ಸೀದಿರುತ್ತೆ. ನಿಮಗೆ ಗೊತ್ತಿರ್ಲಿಲ್ವಾ?"

ಎಲ್ಲರ ಹಸುವಿನ ಫ್ಯಾಟ್ ಎಷ್ಟೆಂದು ನನಗೆ ಬಾಯಿಪಾಠವಿತ್ತು. ಇದು ಗೊತ್ತಿರಲಿಲ್ಲ.

"ವಾಪಸ್ ತರಿಸಿ" ಎಂದಳು.

"ಕೊಟ್ಟ ಮಾಲು ವಾಪಸ್ ತರಿಸೋ ಪದ್ಧತಿ ಇಲ್ಲ."

ಅವಳು ಉಳಿದ ಅನ್ನವನ್ನು ಹಸುವಿನ ಬಾನಿಗೆ ಹಾಕಿದಳು.

ಫೆಬ್ರವರಿ 1, ಶನಿವಾರ

ಪದ್ಧತಿ ಇದೆ. ಇಂದು ಫ್ಯಾಕ್ಟರಿ ಬಸ್ಸಿನಿಂದ ಇಳಿದ ಚಂದನಳ ಕೈಯಲ್ಲಿ ಎರಡು ಚೀಲವಿತ್ತು. ಎಂಬತ್ತೊಂಬತ್ತು ಪ್ಯಾಕೆಟ್.

"ಹನ್ನೊಂದು ಖರ್ಚಾಯ್ತಾ?" ಎಂದೆ ಆಸೆಯಿಂದ.

"ಹನ್ನೊಂದು ಒಡೆದವು ಅಪ್ಪ. ತಿಂದು ವಾಪಸ್ ತಂದುಕೊಟ್ರಂತೆ. ಒಬ್ಬಳು ಸಿಹಿ ಅಂದ್ಲಂತೆ, ಇನ್ನೊಬ್ಬಳು ಕಹಿ ಅಂದ್ಲಂತೆ, ಉದಯಕುಮಾರ್ ಅವರಿಗೇ ತಲೆ ಕೆಟ್ಟೋಗಿದೆ. ಫ್ಯಾಕ್ಟರೀಲಿ ನನ್ನ ಲೈನಿನ ಹುಡುಗೀರು ಏನಂದ್ರು ಗೊತ್ತಾ? ನಮಗೆ ಫೋಟೋದಲ್ಲಿರೋ ತಾತನ ಪುಡಿ ಬೇಡ, ಆಂಟಿ ಪುಡಿ ಕೊಡು ಅಂದ್ರು."

ಮನೆಯವಳು ಅನಸೂಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಮುಖ ಕಿವುಚಿದ್ರಾ?" ಎಂದು ಕೇಳಿದಳು. ಚಂದನ ನನ್ನ ಕಡೆ ನೋಡಿ ಚೀಲ ಕೆಳಗಿಟ್ಟಳು.

"ಸರಿ. ಮುಗೀತು" ಎಂದು ಅನಸೂಯ ಒಳಗೆ ಹೋದಳು. ಬೈದಿದ್ದರೆ ಒಂದು ಲೆಕ್ಕ ಇರುತ್ತಿತ್ತು.

ಫೆಬ್ರವರಿ 2, ಭಾನುವಾರ

ಬೆಳಿಗ್ಗೆ ಪ್ಯಾಕೆಟ್ ಒಡೆದು ನಾಲ್ಕು ಮನೆಗೂ ಪುಡಿ ಹಿಂದಿರುಗಿಸಿದೆ. ದೊಡ್ಡವೆಂಕಟಮ್ಮ ಜಗಳಕ್ಕೆ ನಿಂತಳು. "ನಾನು ಹಾಕಿದ್ದು ನನಗೆ ಕೊಡು. ಲಕ್ಷ್ಮಿ ಮನೆ ಖಾರ ನಾನ್ಯಾಕಯ್ಯಾ ತಿನ್ಲಿ?" ಕಲಕಿದ್ದನ್ನು ಬೇರೆ ಮಾಡುವ ಯಂತ್ರ ಡೇರಿಯಲ್ಲೂ ಇಲ್ಲ ಎಂದೆ. ಕಿವಿಗೆ ಬೀಳಲಿಲ್ಲ.

ಆಮೇಲೆ ನರಸಾಪುರಕ್ಕೆ ಹೋದೆ. ಬಸ್ಸಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೊಂದಿಸಿಕೊಂಡಿದ್ದೆ. ಹವಾಮಾನ, ಕಚ್ಚಾ ಮಾಲಿನ ಗುಣಮಟ್ಟ, ಆರಂಭಿಕ ತೊಂದರೆಗಳು. ಉದಯಕುಮಾರ್ ಎದುರಿಗೆ ನಿಂತಾಗ ಬಾಯಿಂದ ಬಂದದ್ದು ಇಷ್ಟೇ: "ಅದು ನಮ್ಮ ಮನೇಲಿ ಮಾಡಿದ್ದಲ್ಲಪ್ಪ. ಅವಳು ಊರಲ್ಲಿರ್ಲಿಲ್ಲ. ಟೈಮ್ ಕೇಳು ಅಂದಿದ್ಲು, ನಾನು ಕೇಳ್ಲಿಲ್ಲ."

ಅವನು ಒಂದು ಫೋನು ಕೆಳಗಿಟ್ಟ. "ಮೊದಲೇ ಹೇಳೋದಲ್ವಾ ಅಂಕಲ್? ಹತ್ತನೇ ತಾರೀಖಿಗೆ ಆಂಟಿ ಮಾಡಿದ್ದೇ ತನ್ನಿ. ಇದೊಂದ್ಸಲ ಅಷ್ಟೇ."

ಮನೆಗೆ ಬಂದು ಹೇಳಿದೆ. ಅನಸೂಯ ಹಾಲು ಕರೆಯುತ್ತಿದ್ದಳು. "ನಾನು ಹೇಳಿದ್ನಲ್ಲ, ಮಾಡಲ್ಲ ಅಂತ" ಎಂದಳು ತಿರುಗದೆ.

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಎರಡು ಸಲ ಕೇಳಿದೆ. ಇಲ್ಲ ಎಂದಳು. ಮೂರನೆಯ ಸಲ ಕೇಳಲು ಧೈರ್ಯವಾಗಲಿಲ್ಲ. ಹತ್ತು ಗಂಟೆಗೆ ಅವಳು ಕೊಟ್ಟಿಗೆಯಲ್ಲಿದ್ದಾಗ ನಾನೇ ಒಲೆ ಹೊತ್ತಿಸಿ, ಬಾಣಲೆ ಇಟ್ಟು, ಹುಚ್ಚೆಳ್ಳು ಸುರಿದೆ. ಇಪ್ಪತ್ತೆಂಟು ವರ್ಷ ಲ್ಯಾಕ್ಟೋಮೀಟರ್ ಓದಿದವನಿಗೆ ಎಳ್ಳು ಹುರಿಯುವುದು ಎಷ್ಟರ ವಿದ್ಯೆ?

ಮೊದಲು ಒಂದೆರಡು ಚಟ್ ಎಂದವು. ಆಮೇಲೆ ಎಲ್ಲವೂ ಒಟ್ಟಿಗೆ ಸಿಡಿಯತೊಡಗಿದವು. ಹೊಗೆ ಎದ್ದಿತು. ಇದು ಸರಿಯೋ ತಪ್ಪೋ ಎಂದು ನನ್ನದೇ ಹಾಳೆಯಲ್ಲಿ ಹುಡುಕುತ್ತಿದ್ದೆ.

"ಇಳಿಸ್ರೀ! ಸೀದೋಯ್ತು!" ಕೊಟ್ಟಿಗೆಯಿಂದಲೇ ಕೂಗಿದಳು. ಗೋಡೆಯಾಚೆಗೆ ಕೇಳಿಸಿತಂತೆ.

ಓಡಿ ಬಂದು ಬಾಣಲೆ ಕಿತ್ತುಕೊಂಡು ಹಿತ್ತಲಿಗೆ ಸುರಿದಳು. ಸಗಣಿ ಕೈ ತೊಳೆದು ಬಂದಳು. ನಾನು ಹೊರಗೆ ಹೋಗುವುದರಲ್ಲಿದ್ದೆ.

"ಎಲ್ಲೋಗ್ತೀರಾ? ಇಲ್ಲಿ ಬಗ್ಗಿ. ಕಿವಿ ಇಲ್ಲಿ ಕೊಡಿ."

ಮತ್ತೊಂದು ಹಿಡಿ ಹಾಕಿದಳು. ಸಿಡಿತ ಜೋರಾಯಿತು. ಆಮೇಲೆ ಒಂದು ಕಡೆ ತುಸು ಸಡಿಲವಾಯಿತು, ಮಾತಾಡುತ್ತಿದ್ದವರು ಉಸಿರೆಳೆದುಕೊಂಡ ಹಾಗೆ. ಅಷ್ಟರಲ್ಲಿ ಇಳಿಸಿಬಿಟ್ಟಳು.

"ಕೇಳುಸ್ತಾ?"

"ಏನೋ ಕೇಳುಸ್ತು."

"ಏನೋ ಅಂದ್ರೆ ಇಲ್ಲ ಅಂತ. ಇನ್ನೊಂದ್ಸಲ ಹಾಕಿ."

ಫೆಬ್ರವರಿ 4, ಮಂಗಳವಾರ

ಒಂದು ಬಾಣಲೆ ಸೀದಿತು. ಎರಡನೆಯದು ಹಸಿ. ಮೂರನೆಯದನ್ನು ಅನಸೂಯ ಮೂಸಿ ನೋಡಿ ಪಕ್ಕಕ್ಕಿಟ್ಟಳು. ನಾಲ್ಕನೆಯದಕ್ಕೆ "ಹೂಂ" ಎಂದಳು.

ಹೂಂ ಎಂದಳು.

ಫೆಬ್ರವರಿ 6, ಗುರುವಾರ

ಮೂರು ಕೆಜಿ. ತೋಳು ಮೇಲೇಳುತ್ತಿಲ್ಲ.

ಫೆಬ್ರವರಿ 7, ಶುಕ್ರವಾರ

ಹಳೆಯ ರಿಜಿಸ್ಟರಿನಲ್ಲಿ ಏನೋ ಅರ್ಥವಾಗುತ್ತಿಲ್ಲ, ಒಂದು ಗಳಿಗೆ ಡೇರಿಗೆ ಬನ್ನಿ ಸಾರ್ ಎಂದು ನಂದಕುಮಾರ ಬೆಳಿಗ್ಗೆಯೇ ಬಂದ. ಒಲೆ ಮೇಲೆ ಬಾಣಲೆ ಇದೆ, ಒಂಬತ್ತರ ಮೇಲೆ ಬಾ ಎಂದು ಕಳಿಸಿದೆ. ಬಂದನೋ ಇಲ್ಲವೋ ನೆನಪಿಲ್ಲ.

ಉಪ್ಪು ಎಷ್ಟೆಂದು ಇಂದು ಕಂಡುಹಿಡಿದೆ. ಅವಳು ಹಾಕುವ ಮುಂಚೆ ಪ್ರತಿಸಲ ಅವಳ ಹಿಡಿಯನ್ನು ತಕ್ಕಡಿಗೆ ಸುರಿಸಿಕೊಂಡು ಬರೆದುಕೊಂಡೆ. ಏಳು ಸಲವೂ ಒಂದೇ ತೂಕ. "ಆಟ ಆಡ್ತಿದ್ದೀರಾ?" ಎಂದು ಬೈದಳು. ನಮ್ಮ ಡೇರಿಯ ತಕ್ಕಡಿ ಇಷ್ಟು ಸರಿಯಾಗಿ ಯಾವತ್ತೂ ತೂಗಿರಲಿಲ್ಲ.

ಫೆಬ್ರವರಿ 9, ಭಾನುವಾರ

ಚೀಟಿ ಬೇರೆ ಅಚ್ಚು ಹಾಕಿಸಿದೆ. ಅಚ್ಚಿನವನು ಯಾವ ಫೋಟೊ ಸಾರ್ ಎಂದ. ಫೋಟೊ ಬೇಡ, "ಅನಸೂಯಮ್ಮನ ಹುಚ್ಚೆಳ್ಳು ಪುಡಿ" ಎಂದು ದಪ್ಪಕ್ಷರದಲ್ಲಿ ಹಾಕು ಎಂದೆ. ಹುಡುಗಿಯರು ಆಂಟಿ ಪುಡಿ ಎಂದೇ ಕೇಳುತ್ತಾರಂತೆ. ಇದು ಕೇವಲ ವ್ಯಾಪಾರದ ಲೆಕ್ಕಾಚಾರ.

ಚಂದನ ಸೀಲ್ ಮಾಡಿದಳು, ನಾನು ತೂಗಿದೆ. ಅನಸೂಯ ಪ್ರತಿ ಪ್ಯಾಕೆಟ್ಟಿಗೂ ತೂಕದ ಮೇಲೆ ಒಂದು ಚಿಟಿಕೆ ಹಾಕುತ್ತಿದ್ದಳು. ನೋಡಿಯೂ ನೋಡದಂತಿದ್ದೆ.

ಫೆಬ್ರವರಿ 10, ಸೋಮವಾರ

ನೂರು ಪ್ಯಾಕೆಟ್ ಇಳಿಸಿ ಬಂದೆ. ಶೆಲ್ಫಿನಲ್ಲಿ ಹೇಗೆ ಕಾಣುತ್ತಿತ್ತೋ ನೋಡಲಿಲ್ಲ. ಅನಸೂಯ ಇಂದು ಎರಡು ಹೊತ್ತೂ ಊಟ ಸರಿಯಾಗಿ ಮಾಡಲಿಲ್ಲ. ನಾನೂ.

ಫೆಬ್ರವರಿ 13, ಗುರುವಾರ

ಸುದ್ದಿ ಇಲ್ಲ. ಫೋನ್ ಮಾಡಿ ವಿಚಾರಿಸಲೇ ಎಂದರೆ ಬೇಡ ಎಂದಳು.

ಫೆಬ್ರವರಿ 15, ಶನಿವಾರ

ಚಂದನ ಬಸ್ಸಿನಿಂದ ಇಳಿದಾಗ ಕೈ ಖಾಲಿ ಇತ್ತು. ಇಬ್ಬರೂ ಮೊದಲು ನೋಡಿದ್ದು ಅದನ್ನೇ.

"ಅಮ್ಮಾ, ಒಂದೂ ಉಳಿದಿಲ್ಲ. ರಾಯಚೂರಿನವಳೊಬ್ಬಳು ಅಂಗೈಗೆ ಸುರ್ಕೊಂಡು ಬರೀ ಪುಡೀನೇ ತಿಂತಿದ್ಲು."

"ಹುರಿದಿದ್ದು ಸರಿ ಇತ್ತಂತಾ?" ಎಂದು ಮಾತ್ರ ಅನಸೂಯ ಕೇಳಿದಳು.

"ಇತ್ತಂತೆ ಕಣಮ್ಮ."

ನನ್ನ ಕಡೆ ತಿರುಗಿ ನೋಡಿ ಒಳಗೆ ಹೋದಳು.

ಫೆಬ್ರವರಿ 18, ಮಂಗಳವಾರ

ಬೆಳಿಗ್ಗೆ ಹುರಿಯುತ್ತಿದ್ದಾಗ ಉದಯಕುಮಾರ್ ಫೋನು ಬಂತು.

"ಅಂಕಲ್, ತಿಂಗಳಿಗೆ ಎಂಬತ್ತು ಕೆಜಿ ಆಗುತ್ತಾ? ವೇಮಗಲ್ಲಲ್ಲೂ ಒಂದು ಅಂಗಡಿ ತೆಗೀತಿದ್ದೀನಿ. ಹೂಂ ಅನ್ನಿ, ಈಗ್ಲೇ ಬರ್ಕೋತೀನಿ."

"ತಡಿ, ಕೇಳ್ತೀನಿ" ಎಂದು ಅನಸೂಯ ಬೆಳ್ಳುಳ್ಳಿ ಬಿಡಿಸುತ್ತಿದ್ದಲ್ಲಿಗೆ ಹೋದೆ. ಎಂಬತ್ತಂತೆ ಎಂದೆ.

"ದಿನಕ್ಕೆ ಎಷ್ಟು ಹುರೀತೀರಾ ನೀವು?"

"ಸೀಯಿಸದೆ ಅಂದ್ರೆ, ಎರಡು ಕೆಜಿ."

"ಹಂಗಾದ್ರೆ ಐವತ್ತು ಅನ್ನಿ. ಭಾನುವಾರ ಸುಮ್ನೆ ಕೂತ್ಕೋಬೇಕಲ್ಲ."

ಐವತ್ತು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.

"ಏನಂಕಲ್, ನಾನು ಎಂಡಿ ಜೊತೆ ಮಾತಾಡ್ತಿದ್ದೀನಿ ಅಂದ್ಕೊಂಡೆ. ಮತ್ತೆ ನೀವ್ಯಾರು ಅಲ್ಲಿ?"

"ನಾನು ಹುರಿಯೋನು" ಎಂದೆ.

ಅವನು ಜೋರಾಗಿ ನಕ್ಕ. ಇದರಲ್ಲಿ ನಗುವಂಥದ್ದೇನಿತ್ತೋ ತಿಳಿಯಲಿಲ್ಲ. ಕೇಳೋಣವೆಂದರೆ ಅಷ್ಟರಲ್ಲಿ ಬಾಣಲೆಯ ಸದ್ದು ಸಡಿಲವಾಯಿತು. ಫೋನ್ ಇಟ್ಟು ಓಡಿದೆ.